ಬಿಳಿರಸಕ್ಕೆ ಸಿಹಿಗಡುಬು

ಆ ಬೆಳಿಗ್ಗೆ ಮಂಜು ಬೆಟ್ಟದಿಂದ ಇಳಿಯಲಿಲ್ಲ. ಕಣಿವೆಯಿಂದ ಮೇಲಕ್ಕೆ ಹತ್ತಿ ಬಂತು. ನಮ್ಮ ಊರಿನಲ್ಲಿ ಹಾಗಾಗುವುದು ಅಪರೂಪ. ಎಂದಿನ ಮಂಜು ನೆತ್ತಿಯಿಂದ ಜಾರಿ, ದ್ರಾಕ್ಷಿಯ ಸಾಲುಗಳ ಮೇಲೆ ಹಾದು, ಬಿಸಿಲು ಬಲಿಯುವ ಹೊತ್ತಿಗೆ ಹೇಳಹೆಸರಿಲ್ಲದಂತೆ ಹೋಗಿಬಿಡುತ್ತದೆ. ಕೆಳಗಿನಿಂದ ಏರುವ ಮಂಜು ಬೇರೆ. ಅದು ಒಲೆಯ ಮೇಲೆ ಮರೆತ ಹಾಲಿನ ಹಾಗೆ ಸದ್ದಿಲ್ಲದೆ ಉಕ್ಕಿ, ಮೊದಲು ಹೊಲಗಳನ್ನು, ಆಮೇಲೆ ಮನೆಗಳ ಮೆಟ್ಟಿಲುಗಳನ್ನು, ಕಡೆಗೆ ದೇವಾಲಯದ ಗಂಟೆಯನ್ನು ಮುಚ್ಚುತ್ತದೆ. ನಾನು ಹಗ್ಗ ಹಿಡಿದು ಎಳೆದಾಗ ಗಂಟೆ ಕಾಣುತ್ತಲೇ ಇರಲಿಲ್ಲ. ಸದ್ದು ಮಾತ್ರ, ಯಾರದೋ ಮನೆಯ ಒಳಕೋಣೆಯಿಂದ ಬಂದಂತೆ, ತಡವಾಗಿ ಬಂತು.

ಆಗ ನಾನು ಆ ದೇವಾಲಯದ ಉಪದೇಶಿ. ಮಕ್ಕಳಿಗೆ ಜಪ ಕಲಿಸುವುದು, ಪಾದ್ರಿ ಸ್ವಾಮಿಯವರ ಪೂಜೆಗೆ ಪೀಠದ ಬಟ್ಟೆ ಮಡಿಸಿಡುವುದು, ಸತ್ತವರ ಮನೆಯಲ್ಲಿ ಪ್ರಾರ್ಥನೆ ಹೇಳುವುದು ನನ್ನ ಕೆಲಸ. ಇದರ ಜೊತೆಗೆ ವರ್ಷಕ್ಕೊಮ್ಮೆ, ಊಟ ಹೇಳುವ ದಿನ, ಹೊಸರಸದ ಹೂಜಿಯನ್ನು ದೇವಾಲಯದ ಜಗಲಿಗೆ ತರುವುದೂ ನನ್ನ ಪಾಲಿಗೆ ಬಂದಿತ್ತು. ಅಂದು ಅದೇ ದಿನ.

ಊಟ ಹೇಳುವುದೆಂದರೆ ಏನೆಂದು ಹೊರಗಿನವರಿಗೆ ತಿಳಿಯದು. ನಮ್ಮದು ತಣ್ಣನೆಯ ಊರು. ಸೂರ್ಯ ನಮ್ಮ ಇಳಿಜಾರಿಗೆ ತಡವಾಗಿ ಬರುತ್ತಾನೆ, ಬೇಗ ಹೊರಡುತ್ತಾನೆ. ಮಾವನ ಮನೆಯಲ್ಲಿ ಕೈ ತೊಳೆಯುವ ಮೊದಲೇ ಚಪ್ಪಲಿ ಹುಡುಕುವ ಅಳಿಯನ ಹಾಗೆ. ಕಪ್ಪು ದ್ರಾಕ್ಷಿ ನಮ್ಮಲ್ಲಿ ಬಣ್ಣ ಹಿಡಿಯುವುದಿಲ್ಲ. ಬೆಳೆಯುವುದು ಒಂದೇ ಜಾತಿ: ಬಟಾಣಿಗಿಂತ ತುಸು ದಪ್ಪನೆಯ, ತೆಳುಸಿಪ್ಪೆಯ ಹಸಿರು ದ್ರಾಕ್ಷಿ. ಅದು ಅವಸರವಿಲ್ಲದೆ ಹಣ್ಣಾಗುತ್ತದೆ, ಎಷ್ಟು ಹಣ್ಣಾದರೂ ಹುಳಿಯನ್ನು ಬಿಟ್ಟುಕೊಡುವುದಿಲ್ಲ. ಅದರಿಂದ ಇಳಿಸಿದ ದ್ರಾಕ್ಷಾರಸಕ್ಕೆ ನಾವು ಬಿಳಿರಸ ಎನ್ನುತ್ತಿದ್ದೆವು. ಒಣಹುಲ್ಲಿನ ಬಣ್ಣ, ಅಂಚಿನಲ್ಲಿ ಎಳೆ ಹಸಿರು. ಬಾಯಿಗಿಟ್ಟರೆ ಮೊದಲು ನಿಂಬೆಯ ಎಲೆ ಹಿಸುಕಿದ ವಾಸನೆ, ಆಮೇಲೆ ನೆಲ್ಲಿಕಾಯಿ, ಎಲ್ಲ ಇಳಿದ ಮೇಲೆ ತೊಯ್ದ ಕಲ್ಲಿನ ತಂಪು. ಪೂಜೆಯ ಪಾತ್ರೆಗೂ ಅದೇ, ಮದುವೆಯ ಚಪ್ಪರಕ್ಕೂ ಅದೇ.

ಆದರೆ ಅದು ಬಲು ನಾಜೂಕಿನ ರಸ. ಖಾರದ ಸಾರಿನ ಜೊತೆ ಕೊಟ್ಟರೆ ಸತ್ತೇ ಹೋಗುತ್ತದೆ. ಹುರಿದ ಮಾಂಸದ ಮುಂದೆ ನಿಂತರೆ ನೀರಾಗುತ್ತದೆ. ಒಂದು ವರ್ಷ ಮೀನಿಗೆ ಒಲಿಯುವುದು ಇನ್ನೊಂದು ವರ್ಷ ಹಾಲಿನ ಪದಾರ್ಥಕ್ಕೆ ಮಾತ್ರ ಒಲಿಯುತ್ತದೆ. ಅದಕ್ಕೇ ಹಿರಿಯರು ಒಂದು ಕಟ್ಟು ಮಾಡಿದ್ದರು. ಹೊಸರಸದ ಪೀಪಾಯಿ ತೆರೆದ ವಾರ, ಗುರುವಾರದ ಪೂಜೆ ಮುಗಿದ ಮೇಲೆ, ರಸ ಇಳಿಸಿದವನು ಜಗಲಿಯಲ್ಲಿ ನಿಂತು ತನ್ನ ಹೆಂಡತಿಯ ಅಂಗೈಗೆ ಒಂದು ಗುಟುಕು ಹುಯ್ಯಬೇಕು. ಅವಳು ಅದನ್ನು ಕುಡಿದು, ಈ ರಸಕ್ಕೆ ಈ ಊಟ ಎಂದು ಹೇಳಬೇಕು. ಭಾನುವಾರ ಇಡೀ ಊರು ಅದೇ ಅಡುಗೆ ಮಾಡಿಕೊಂಡು ದೇವಾಲಯದ ಅಂಗಳದಲ್ಲಿ ಕೂತು ಉಣ್ಣಬೇಕು. ಅಲ್ಲಿಯತನಕ ಇನ್ನಾರೂ ಆ ರಸವನ್ನು ಮುಟ್ಟುವಂತಿಲ್ಲ. ಮಾಡಿದವನ ಬಾಯಿ ಮಾಡಿದ್ದನ್ನು ಹೊಗಳುತ್ತದೆ, ಅವನ ಹೆಂಡತಿಯಾದರೆ ಸುಮ್ಮನೆ ಹೊಗಳುವವಳಲ್ಲ ಎಂಬುದು ಹಿರಿಯರ ಲೆಕ್ಕ.

ನನಗೆ ಬುದ್ಧಿ ಬಲಿತ ಮೇಲೆ ರಸ ಇಳಿಸಿದವನೆಂದರೆ ಇನ್ನಾಸಪ್ಪ, ಊಟ ಹೇಳಿದವಳೆಂದರೆ ಅವನ ಹೆಂಡತಿ ಅಗ್ನೇಸಮ್ಮ. ಅವಳು ಹೇಳಿದ್ದು ಒಮ್ಮೆಯೂ ತಪ್ಪಿರಲಿಲ್ಲ. ಒಂದು ವರ್ಷ ಹೊಳೆಮೀನನ್ನು ಮುಳ್ಳು ಬಿಡಿಸಿ ಬಾಳೆಲೆಯಲ್ಲಿ ಬೇಯಿಸಿ ಎಂದಳು. ಆ ಮೀನಿನ ಮೇಲೆ ರಸ ಇಳಿದಾಗ ನಿಂಬೆಹುಳಿಯನ್ನು ಬೇರೆಯಾಗಿ ಹಿಂಡುವ ಅಗತ್ಯವೇ ಬೀಳಲಿಲ್ಲ. ಇನ್ನೊಂದು ವರ್ಷ ಕೋಳಿಯ ತಿಳಿಸಾರಿಗೆ ಒತ್ತುಶಾವಿಗೆ ಎಂದಳು. ಊರಿನ ಹಸುಗಳು ಸಾಲುಸಾಲಾಗಿ ಕರು ಹಾಕಿದ ವರ್ಷ ಗಿಣ್ಣು ಎಂದಳು. ಹಿತಕವರೆ ಬೆರೆಸಿದ ಮೆತ್ತನೆಯ ತುಪ್ಪದನ್ನ ಎಂದಳು ಮತ್ತೊಮ್ಮೆ. ಪರವೂರಿನಿಂದ ಬಂದವರು ಎರಡನೆಯ ಲೋಟಕ್ಕೆ ಕೈ ಚಾಚುವಾಗ ನಮಗೆ ಒಳಗೊಳಗೇ ಹೆಮ್ಮೆ.

ಒಬ್ಬಳು ಮಾತ್ರ ಗೊಣಗುತ್ತಿದ್ದಳು. ಅಂಗಳದ ಅಡುಗೆಯ ಯಜಮಾನಿಕೆ ಹೊತ್ತ ಮದಲೇನಮ್ಮ. ಅವಳ ನಾಲಿಗೆಗೆ ಎರಡು ಹೆಸರಿತ್ತು: ಸಾರಿನಲ್ಲಿ ಎಷ್ಟು ಮೆಂತ್ಯ ಬಿದ್ದಿದೆಯೆಂದು ಹೇಳಬಲ್ಲ ನಾಲಿಗೆ, ಮತ್ತು ಯಾರನ್ನೂ ಬಿಡದ ನಾಲಿಗೆ.

“ಅದೇನು ಊಟಾನೋ ಕಾಣೆ. ಒಂದು ಮೆಣಸಿನಕಾಯಿ ಬ್ಯಾಡ, ಒಂದು ಒಗ್ಗರಣೆ ಬ್ಯಾಡ. ಹಲ್ಲು ಬರದ ಕೂಸಿಗೆ ಮಾಡ್ದಂಗೆ ಊರಿಗೆಲ್ಲ ಉಣ್ಣಾಕಿಕ್ಕಿಸ್ತಾಳೆ ಅಗ್ನೇಸಕ್ಕ,” ಎಂದು ಪ್ರತಿ ವರ್ಷ ಹೇಳುತ್ತಿದ್ದಳು. ಹೇಳುತ್ತಲೇ ತಟ್ಟೆಯನ್ನು ಬೆರಳಿನಿಂದ ಬಳಿದು ತಿನ್ನುತ್ತಿದ್ದಳು.

ಇನ್ನೊಂದು ತಮಾಷೆಯೂ ಊರಿನಲ್ಲಿತ್ತು. ಊಟ ಹೇಳಿದ ಗುರುವಾರದಿಂದ ಭಾನುವಾರದವರೆಗೆ ಇನ್ನಾಸಪ್ಪ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇಳಿಜಾರಿನ ಬೆನ್ನಿಗೆ ಅವನು ಅಗೆದುಕೊಂಡಿದ್ದ ತಂಪುಗುಳಿಯಲ್ಲಿ, ಪೀಪಾಯಿಗಳ ನಡುವೆ ಇರುತ್ತಿದ್ದ. “ಮೂರು ದಿನ ಹೆಂಡ್ತಿ ಕಾಟ ತಪ್ಪುಸ್ಕೊಂಡು ಕುಡ್ದು ಮಲಗ್ತಾನೆ ಕಣ್ರಪ್ಪ,” ಎಂದು ಗಂಡಸರು ನಗುತ್ತಿದ್ದರು. ಅವನೂ ನಗುತ್ತಿದ್ದ. ಮಾತು ಕಡಿಮೆಯ ಮನುಷ್ಯ.

ಆ ವರ್ಷ ದ್ರಾಕ್ಷಿ ಕೊಯ್ಯುವಾಗಲೇ ಇನ್ನಾಸಪ್ಪನ ಎದೆಯಲ್ಲಿ ಕೆಮ್ಮು ಕೂತಿತ್ತು. ಆದರೂ ರಸವನ್ನು ಪೀಪಾಯಿಗೆ ಇಳಿಸಿ, ಅದರ ಹುದುಗಿನ ಕುದಿ ಅಡಗುವತನಕ ಕಾದ. ಅಗಲಿದ ಆತ್ಮಗಳ ಹಬ್ಬ ಕಳೆದು ಕೆಲವೇ ದಿನಗಳಲ್ಲಿ ಹೋಗಿಬಿಟ್ಟ. ಪ್ರಾರ್ಥನೆ ನಾನೇ ಹೇಳಿದೆ. ಮಣ್ಣು ಹಾಕುವಾಗ ಅಗ್ನೇಸಮ್ಮ ಅಳಲಿಲ್ಲ. ಏನೋ ಹೇಳಬೇಕೆಂದು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡಳು. ಅದನ್ನು ನಾನೊಬ್ಬನೇ ನೋಡಿದೆನೆಂದು ಕಾಣುತ್ತದೆ.

ಮಂಜು ಮೇಲಕ್ಕೇರಿದ ಆ ಗುರುವಾರ, ಪೂಜೆಗೆ ಮುನ್ನ, ನಾನು ಬಟ್ಟೆ ಮಡಿಸುವ ಕೋಣೆಗೆ ಅವಳು ಬಂದಳು. ತಲೆಯ ಮೇಲಿನ ಸೆರಗಿನಲ್ಲಿ ಮಂಜಿನ ಹನಿಗಳು ಕೂತಿದ್ದವು.

“ಉಪದೇಶಿಯೋರೆ, ಈ ಸಲ ನನ್ ಕೈಲಿ ಊಟ ಹೇಳಿಸ್ಬ್ಯಾಡಿ.”

“ದುಃಖ ಇರತ್ತಮ್ಮ. ಆದ್ರೂ ಅವನು ಇಳಿಸಿಟ್ಟು ಹೋದ ರಸ. ಇದೊಂದು ವರ್ಷ ನೀನೇ ಹೇಳು. ನಾನು ಹುಯ್ತೀನಿ.”

“ದುಃಖದ ಮಾತಲ್ಲ. ನಂಗೆ ರುಚಿ ತಿಳಿಯಾಕಿಲ್ಲ.”

ನನಗೆ ಅರ್ಥವಾಗಲಿಲ್ಲ. ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

“ಸಿಸಿಲಿ ಹೋದ ಜ್ವರ ನಂಗೂ ಬಂದಿತ್ತಲ್ಲ. ಮಗೀನ ತಗೊಂಡೋಯ್ತು. ನನ್ನ ನಾಲಿಗೆ ತಗೊಂಡು ನನ್ನ ಬಿಟ್ಟೋಯ್ತು. ಅವತ್ತಿಂದ ಉಪ್ಪೂ ಒಂದೇ, ಹುಳೀನೂ ಒಂದೇ, ಮಣ್ಣೂ ಒಂದೇ. ಮೂಗಿಗೂ ಏನೂ ಹತ್ತಾಕಿಲ್ಲ.”

ಸಿಸಿಲಿ ಅವರ ಒಬ್ಬಳೇ ಮಗಳು. ಮಾತು ಬರುವ ವಯಸ್ಸಿನಲ್ಲಿ ತೀರಿಕೊಂಡಿದ್ದಳು. ಅದಾಗಿ ಎಷ್ಟೋ ವರ್ಷಗಳಾಗಿದ್ದವು. ಅವಳ ಹೆಸರನ್ನು ಅಗ್ನೇಸಮ್ಮನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

“ಹಾಗಾದ್ರೆ ಇಷ್ಟು ವರ್ಷ ನೀನು ಹೇಳಿದ್ದು?”

“ಬಾಯಿಗೆ ಬಂದದ್ದು ಹೇಳ್ದೆ. ಅದೆಂಗೋ ಸರಿಹೋಗೋದು. ದ್ಯಾವ್ರು ನನ್ ಮಾನ ಕಾಯ್ತಾ ಅವ್ನೆ ಅಂದ್ಕೊಂಡೆ.”

“ಇನ್ನಾಸಪ್ಪನಿಗೆ ಹೇಳಲಿಲ್ವಾ?”

“ಹೇಳ್ಬೇಕಂದ್ರೆ ಜ್ವರದ ಮಾತು ಎತ್ಬೇಕು. ಜ್ವರದ ಮಾತು ಎತ್ತಿದ್ರೆ ಮಗೀನ ಮಾತು ಬರ್ತದೆ. ಅವ್ರು ಆ ಹೆಸ್ರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವರ್ಷಾ ವರ್ಷಾ ಅಂಗೈಗೆ ಹುಯ್ದು ನನ್ ಮುಖಾನೇ ನೋಡೋರು, ಪರೀಕ್ಷೆ ಬರ್ದ ಹುಡುಗನಂಗೆ. ನಾನು ಸುಳ್ಳು ಹೇಳೋಳು. ಹಂಗೇ ಕಳಿಸ್ಬಿಟ್ಟೆ, ಉಪದೇಶಿಯೋರೆ. ಕಡೇತನಕ ಮೋಸದಲ್ಲೇ ಇಟ್ಟು ಮಣ್ ಮಾಡ್ಬಿಟ್ಟೆ.”

“ಸ್ವಾಮಿಯವರ ಹತ್ರ ಪಾಪನಿವೇದನೆ ಮಾಡಮ್ಮ. ಮನಸ್ಸು ಹಗುರ ಆಗತ್ತೆ.”

“ಸ್ವಾಮಿಯೋರು ಕ್ಷಮಿಸ್ತಾರೆ. ದ್ಯಾವ್ರೂ ಕ್ಷಮಿಸ್ತಾನೆ. ಮೋಸ ಹೋದೋರು ಕ್ಷಮಿಸ್ಬೇಕಲ್ಲ?”

ಇಷ್ಟು ವರ್ಷ ಉಪದೇಶ ಹೇಳಿದವನು ನಾನು. ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಹೊರಗೆ ಜನ ಸೇರುತ್ತಿದ್ದರು. ಸ್ವಾಮಿಯವರು ಆಗಲೇ ಪೀಠದ ಕಡೆ ನಡೆದಿದ್ದರು. “ಇವತ್ತೊಂದು ದಿನ ನಿಂತ್ಕೊಳಮ್ಮ,” ಎಂದಷ್ಟೇ ಅಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, “ಸರಿ, ಹಂಗಾದ್ರೆ ನಿಂತ್ಕೊತೀನಿ,” ಎಂದಳು. ಅವಳು ಏನನ್ನೋ ನಿಶ್ಚಯ ಮಾಡಿಕೊಂಡಂತೆ ನನಗೆ ಕಂಡಿತು. ಏನೆಂದು ತಿಳಿಯಲಿಲ್ಲ.

ಪೂಜೆಯಾಯಿತು. ಜಗಲಿಯಲ್ಲಿ ಜನ ಒತ್ತಿ ನಿಂತರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅಂಗಳದಲ್ಲಿ ನಿಂತವರ ಕೆಮ್ಮು ಕೇಳುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ನಾನು ಹೂಜಿ ಬಾಗಿಸಿ ಅಗ್ನೇಸಮ್ಮನ ಅಂಗೈಗೆ ಒಂದು ಗುಟುಕು ಹುಯ್ದೆ. ಅವಳು ಕಣ್ಣು ಮುಚ್ಚಿ ಕುಡಿದಳು. ಆ ವರ್ಷ ಬಿಸಿಲೇ ಬಿದ್ದಿರಲಿಲ್ಲ; ರಸ ಹಲ್ಲು ಜುಮ್ಮೆನ್ನುವಷ್ಟು ಹುಳಿಯಾಗಿದ್ದೀತೆಂದು ದ್ರಾಕ್ಷಿ ಕಂಡವರೆಲ್ಲ ಬಲ್ಲರು. ಮೀನು ಎನ್ನುತ್ತಾಳೆ, ಇಲ್ಲವೆ ತುಪ್ಪದ ಪದಾರ್ಥ ಎನ್ನುತ್ತಾಳೆ ಎಂದು ಎಲ್ಲರೂ ಕಾದರು.

“ಸಿಹಿಗಡುಬು,” ಎಂದಳು ಅಗ್ನೇಸಮ್ಮ. “ಕಾಯಿ ಬೆಲ್ಲ ತುಂಬಿದ್ದು.”

ಬೆಲ್ಲದ ಹಿಂದೆ ಹುಳಿರಸ ಕುಡಿದರೆ ಅದು ಇನ್ನಷ್ಟು ಹುಳಿಯಾಗಿ, ಕಹಿಯಾಗಿ, ಗಂಟಲು ಹಿಡಿಯುತ್ತದೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಅಂಥ ಊಟವನ್ನು ಯಾರೂ ಯಾವತ್ತೂ ಹೇಳಿರಲಿಲ್ಲ.

“ಗಂಡ ಹೋದ ಸಂಕಟ, ಪಾಪ,” ಎಂದು ಯಾರೋ ಪಿಸುಗುಟ್ಟಿದರು.

“ಸಂಕಟ ಅವ್ಳಿಗೆ, ಶಿಕ್ಷೆ ನಮ್ಗೆ,” ಎಂದಳು ಮದಲೇನಮ್ಮ. ಅವಳಿಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. ಅಗ್ನೇಸಮ್ಮ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಮಂಜಿನೊಳಕ್ಕೆ ಹೋದಳು.

ಶನಿವಾರ ಮಧ್ಯಾಹ್ನ ತಂಪುಗುಳಿಯಿಂದ ರಸ ತರುವ ಹೊಣೆ ನನಗೆ ಬಿತ್ತು. ಇನ್ನಾಸಪ್ಪನಿಗೆ ಬೇರೆ ಯಾರಿದ್ದರು? ಎಷ್ಟು ಬೇಕಾದೀತೆಂದು ನೋಡಲು ಮದಲೇನಮ್ಮನೂ ಜೊತೆಗೆ ಬಂದಳು. ಎರಡು ದಿನವಾದರೂ ಕಣಿವೆಯ ಮಂಜು ಇಳಿದಿರಲಿಲ್ಲ. ಅವಳು ದೀಪ ಹಿಡಿದು ಮುಂದೆ, ನಾನು ಹಿಂದೆ. ಒಳಗೆ ಪೀಪಾಯಿಗಳು ಹೊಟ್ಟೆ ತುಂಬಿದ ಎಮ್ಮೆಗಳಂತೆ ಮಲಗಿದ್ದವು. ಒಂದು ಮೂಲೆಯಲ್ಲಿ ಕೂತೂ ಕೂತೂ ನುಣುಪಾದ ಕಲ್ಲು, ಅದರ ಪಕ್ಕ ಮರದ ಸೌಟು, ತೊಳೆದು ಬೋರಲು ಹಾಕಿದ ಬಟ್ಟಲುಗಳು.

“ಕುಡ್ದು ಮಲಗೋನು ಇಷ್ಟು ಚೊಕ್ಕಟವಾಗಿ ಇಟ್ಕೊತಾನಾ?” ಎಂದಳು ಮದಲೇನಮ್ಮ.

ಅವಳು ಶಿಲುಬೆಯ ಗುರುತು ಹಾಕಿಕೊಂಡು, “ದ್ಯಾವ್ರೇ, ಕಟ್ಟು ಮುರೀತಾ ಇವ್ನಿ, ಕಣ್ಮುಚ್ಚು,” ಎಂದು ಪೀಪಾಯಿಯಿಂದ ಒಂದು ಹನಿ ಬೆರಳಿಗೆ ತೆಗೆದು ನೆಕ್ಕಿದಳು. ಮುಖ ಕಿವುಚಿತು. “ಅಯ್ಯಪ್ಪಾ! ಇದ್ರ ಜೊತೆ ಕಡುಬು ಇಕ್ಕಿದ್ರೆ ನಾಳೆ ಊರೋರೆಲ್ಲ ಅಗ್ನೇಸಕ್ಕನ್ನ ಉಗೀತಾರೆ. ಅವ್ಳಿಗೇನಾಗಿತ್ತು?”

ಅಷ್ಟರಲ್ಲಿ ದೀಪದ ಬೆಳಕು ಗೋಡೆಯ ಗೂಡುಗಳ ಮೇಲೆ ಬಿತ್ತು. ಗೂಡುಗಳಲ್ಲಿ ಜಾಡಿಗಳಿದ್ದವು, ಪುಟ್ಟವು, ಬಾಯಿಗೆ ಬಟ್ಟೆ ಕಟ್ಟಿ ಮೇಣ ಮೆತ್ತಿದವು. ಒಂದು ಜಾಡಿಯ ಕೊರಳಿಗೆ ಒಣಗಿದ ನಿಂಬೆ ಕಟ್ಟಿತ್ತು, ಇನ್ನೊಂದಕ್ಕೆ ತೆಂಗಿನ ಗರಟೆಯ ಚೂರು. ಮದಲೇನಮ್ಮ ಒಂದೊಂದನ್ನೇ ಬಿಚ್ಚಿ ರುಚಿ ನೋಡಿದಳು. ನಿಂಬೆಯದು ಬೇಗ ಕೊಯ್ದ ಕಾಯಿಯ ರಸ, ಮಿಂಚಿನಂಥ ಹುಳಿ. ಗರಟೆಯದು ಮಡ್ಡಿಯ ಮೇಲೇ ಬಹಳ ಕಾಲ ಬಿಟ್ಟದ್ದು, ಬೆಣ್ಣೆಯ ನುಣುಪು. ಎರಡನ್ನೂ ವರ್ಷವರ್ಷವೂ ಬಳಸಿ ಮತ್ತೆ ತುಂಬಿದ ಗುರುತಿತ್ತು.

ಅವಳು ಸೌಟನ್ನು ನೋಡಿದಳು. ಕಲ್ಲನ್ನು ನೋಡಿದಳು. ಆಮೇಲೆ ನನ್ನನ್ನು.

“ಉಪದೇಶಿಯೋರೆ, ಅವ್ಳು ಊಟ ಹೇಳಿದ್ ಮ್ಯಾಲೆ ಇವ್ನು ಇಲ್ಲಿ ಕೂತು ರಸ ಬೆರೆಸ್ತಿದ್ದ. ಮೀನು ಅಂದ್ರೆ ಹುಳಿ ಏರಿಸ್ತಿದ್ದ. ಗಿಣ್ಣು ಅಂದ್ರೆ ಇದನ್ನ ಹುಯ್ತಿದ್ದ. ರಸಕ್ಕೆ ತಕ್ಕ ಊಟ ಅವ್ಳು ಹೇಳ್ತಿರ್‍ಲಿಲ್ಲ. ಅವ್ಳು ಹೇಳಿದ್ ಊಟಕ್ಕೆ ತಕ್ಕ ರಸ ಇವ್ನು ಮಾಡ್ತಿದ್ದ.” ಸ್ವಲ್ಪ ತಡೆದು, “ಅಗ್ನೇಸಕ್ಕಂಗೆ ನಾಲಿಗೆ ಇಲ್ಲ. ಅಲ್ವಾ?” ಎಂದಳು.

ನಾನು ಸುಮ್ಮನಿದ್ದೆ.

“ನೀವು ಸುಮ್ಕಿದ್ರೆ ಗಂಟೆ ಹೊಡ್ದಷ್ಟೇ ಜೋರಾಗಿ ಕೇಳ್ತದೆ, ಬಿಡಿ.”

ಅವಳು ಆ ಕಲ್ಲಿನ ಮೇಲೆ ಕೂತುಬಿಟ್ಟಳು. ಎಷ್ಟೋ ವರ್ಷ ಅಗ್ನೇಸಮ್ಮನ ನಾಲಿಗೆಯ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಅವಳು. ಈಗ ಆ ಕಿಚ್ಚಿಗೆ ಸೌದೆಯೇ ಇಲ್ಲವಾಗಿತ್ತು.

ಆಗ ನನ್ನ ಮನಸ್ಸಿನಲ್ಲಿ ಆ ಊಟಗಳೆಲ್ಲ ಒಂದರ ಹಿಂದೊಂದು ಬಂದವು. ಮುಳ್ಳು ಬಿಡಿಸಿದ ಮೀನು. ತಿಳಿಸಾರಿನಲ್ಲಿ ಶಾವಿಗೆ. ಗಿಣ್ಣು. ಮೆತ್ತನೆಯ ತುಪ್ಪದನ್ನ. ಹಲ್ಲು ಬರದ ಕೂಸಿಗೆ ಮಾಡಿದ ಹಾಗೆ ಎಂದು ಮದಲೇನಮ್ಮ ಹಂಗಿಸುತ್ತಿದ್ದಳಲ್ಲ, ಅದು ಬರೀ ಕೊಂಕಾಗಿರಲಿಲ್ಲ, ನಿಜವೇ ಆಗಿತ್ತು. ರುಚಿಯೆಲ್ಲ ಕಳೆದುಕೊಂಡವಳಿಗೆ ನೆನಪಿದ್ದದ್ದು ಒಂದೇ ತಟ್ಟೆ, ಮಗಳ ತಟ್ಟೆ. ವರ್ಷಕ್ಕೊಂದು ಸಲ ಅದರಿಂದ ಒಂದು ತುತ್ತು ತೆಗೆದು ಊರಿಗೆ ಹೇಳುತ್ತಿದ್ದಳು. ನಾವು ಸತ್ತ ಮಗುವಿನ ಊಟವನ್ನು ಬೆರಳು ನೆಕ್ಕಿಕೊಂಡು ಉಂಡಿದ್ದೆವು. ಇನ್ನಾಸಪ್ಪ ಮೊದಲ ವರ್ಷವೇ ತಿಳಿದುಕೊಂಡಿರಬೇಕು. ತಂದೆಗೆ ಆ ತಟ್ಟೆಯ ಗುರುತು ಸಿಗದೆ ಇದ್ದೀತೇ?

“ಇಲ್ಲಿ ನೋಡಿ,” ಎಂದಳು ಮದಲೇನಮ್ಮ.

ಕೆಳಗಿನ ಗೂಡಿನಲ್ಲಿ ಇನ್ನೊಂದು ಸಾಲಿತ್ತು. ಇವುಗಳ ಕೊರಳಲ್ಲಿ ಏನೂ ಇರಲಿಲ್ಲ. ಮೇಣ ಒಡೆದಿರಲಿಲ್ಲ. ಈಚೆಯ ಜಾಡಿಯ ಬಟ್ಟೆ ಹೊಸದು, ಹಿಂದಿನದು ಮಾಸಿದ್ದು, ಅದರ ಹಿಂದಿನದರ ಮೇಲೆ ಧೂಳು, ಕಡೆಯದರ ಬಟ್ಟೆ ಮುಟ್ಟಿದರೆ ಪುಡಿಯಾಗುವಂತಿತ್ತು. ಅವಳು ಈಚೆಯದನ್ನು ಬಿಚ್ಚಿ ಬೆರಳಿಟ್ಟಳು.

“ಸಿಹಿ. ಆಗ್ಲೇ ಹಿಂಡಿದ್ ದ್ರಾಕ್ಷಿ ಹಾಲನ್ನ ಹುಳಿ ಏಳದಂಗೆ, ಜೇನಿನಂಗೆ ಗಟ್ಟಿಯಾಗೋವರ್ಗೂ ಕುದ್ಸಿ ಇಟ್ಟಿರೋದು. ಒಂದ್ ಸಲನೂ ಬಳ್ಸಿಲ್ಲ. ಮತ್ತೆ ವರ್ಷಾ ವರ್ಷಾ ಯಾಕೆ ಮಾಡಿಟ್ಟ? ಯಾವ ಊಟಕ್ಕೆ ಕಾಯ್ತಿದ್ದ ಇವ್ನು?”

ನನಗೆ ಗೊತ್ತಿತ್ತು. ಸಿಸಿಲಿ ಎರಡೂ ಮುಷ್ಟಿಯಲ್ಲಿ ಒಂದೊಂದು ಸಿಹಿಗಡುಬು ಹಿಡಿದು, ದ್ರಾಕ್ಷಿಯ ಸಾಲುಗಳ ನಡುವೆ ಅಪ್ಪನನ್ನು ಹುಡುಕಿಕೊಂಡು ಹೋಗುತ್ತಿದ್ದದ್ದನ್ನು ನಾನು ಎಷ್ಟು ಸಲ ಕಂಡಿದ್ದೆ! ಒಂದು ಅಪ್ಪನಿಗೆ ಎಂದು ತಂದದ್ದನ್ನು ದಾರಿಯಲ್ಲೇ ತಿಂದು, ಅಂಟು ಕೈಯನ್ನು ಅವನ ಪಂಚೆಗೆ ಒರೆಸುತ್ತಿದ್ದಳು. ಎಲ್ಲ ಊಟ ಹೇಳಿದ ಅಗ್ನೇಸಮ್ಮ ಕಡುಬನ್ನು ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಇವತ್ತಲ್ಲ ನಾಳೆ ಹೇಳಿಯಾಳೆಂದು ಅವನು ಪ್ರತಿ ಸುಗ್ಗಿಯಲ್ಲೂ ಒಂದು ಜಾಡಿ ಸಿಹಿ ಕಾಯಿಸಿ ಇಟ್ಟಿದ್ದ. ಅವನು ಮಣ್ಣಿಗೆ ಹೋದ ಮೇಲೆ ಅವಳು ಹೇಳಿದಳು.

ಮದಲೇನಮ್ಮನಿಗೆ ಅದನ್ನು ಹೇಳಿದೆ. ಅವಳು ಮೂಗು ಒರೆಸಿಕೊಂಡಳು.

“ಸಾಯೋ ಕೆಮ್ಮಲ್ಲೂ ಈ ವರ್ಷದ್ದು ಕಾಯ್ಸಿಟ್ಟವ್ನೆ. ತಾನಿಲ್ದಿದ್ರೆ ಯಾರು ಬೆರೆಸ್ತಾರೆ ಅಂದ್ಕೊಂಡಿದ್ನೋ!”

“ದೇವರು,” ಎಂದೆ.

“ದ್ಯಾವ್ರಿಗೆ ಬ್ಯಾರೆ ಕೆಲಸ ಇಲ್ವಾ? ಆ ಸೌಟು ಕೊಡಿ ಇಲ್ಲಿ.”

ಸಂಜೆಯ ಗಂಟೆಯ ಹೊತ್ತಿನವರೆಗೂ ಅವಳು ಅಲ್ಲಿ ಕೂತಳು. ಒಂದು ಹಂಡೆಯಷ್ಟು ರಸ ಬೇರೆಗೆ ಇಳಿಸಿ, ಸಿಹಿಯ ಜಾಡಿಯಿಂದ ಸೌಟಿನಷ್ಟು, ಅರ್ಧ ಸೌಟಿನಷ್ಟು, ಗರಟೆಯ ಜಾಡಿಯಿಂದ ಒಂದಿಷ್ಟು ಹುಯ್ದು, ಬಾಯಿ ಮುಕ್ಕಳಿಸಿ, ಮತ್ತೆ ನೋಡಿ, “ಇನ್ನೂ ಬೆಲ್ಲದ ಮುಂದೆ ನಿಲ್ಲಾಕಿಲ್ಲ,” ಎನ್ನುತ್ತ ಮತ್ತೆ ಹುಯ್ದಳು. ಅಷ್ಟು ಹೊತ್ತು ಅವಳು ಯಾರನ್ನೂ ಬೈಯಲಿಲ್ಲ. ನಾನು ದೀಪ ಹಿಡಿದು ಜಪಸರ ಎಣಿಸುತ್ತ ನಿಂತಿದ್ದೆ.

ಭಾನುವಾರ ಕಣಿವೆ ತಿಳಿಯಾಗಿತ್ತು. ಅಂಗಳದಲ್ಲಿ ಹಬೆಯಾಡುವ ಕಡುಬುಗಳನ್ನು ಎಲೆಗೆ ಬಡಿಸಿದರು. ಜನ ಸಂಕೋಚದಿಂದಲೇ ಕೂತರು. ಕಡುಬು ಮುರಿದು, ಕರಗಿದ ಬೆಲ್ಲ ಎಲೆಗೆ ಹರಿಯುವ ಮೊದಲೇ ಬಾಯಿಗಿಟ್ಟು, ಅಳುಕುತ್ತ ಲೋಟ ಎತ್ತಿದರು. ಆಮೇಲೆ ಒಬ್ಬ ಮುದುಕ ಎರಡನೆಯ ಕಡುಬಿಗೆ ಕೈ ಚಾಚಿ, “ಇನ್ನಾಸಪ್ಪ ಮಣ್ಣಲ್ ಮಲಗಿದ್ರೂ ಕೈ ಸುಮ್ಕಿಲ್ಲ ಕಣ್ರಪ್ಪೋ!” ಎಂದ. ನಗು ಎದ್ದಿತು. ಲೋಟಗಳು ಮತ್ತೆ ತುಂಬಿದವು.

ನಾನು ಅಗ್ನೇಸಮ್ಮನನ್ನೇ ನೋಡುತ್ತಿದ್ದೆ. ಅವಳು ಉಣ್ಣುತ್ತಿರಲಿಲ್ಲ. ಸಾಲಿನುದ್ದಕ್ಕೂ ಒಂದೊಂದೇ ಮುಖವನ್ನು ಹುಡುಕಿ ಹುಡುಕಿ ನೋಡುತ್ತಿದ್ದಳು, ಒಬ್ಬರಾದರೂ ಮುಖ ಕಿವುಚಿಯಾರೇ ಎಂದು ಬೇಡುವವಳಂತೆ. ಯಾರೂ ಕಿವುಚಲಿಲ್ಲ. ಅವಳ ಬಣ್ಣ ಇಳಿಯಿತು. ಎಲೆ ಮಡಿಸದೆ ಎದ್ದು ಹೋದಳು.

ಮಾರನೆಯ ಬೆಳಿಗ್ಗೆ ಮದಲೇನಮ್ಮ ನನ್ನ ಬಾಗಿಲಿಗೆ ಬಂದಳು. ಸೊಂಟದಲ್ಲಿ ಏನನ್ನೋ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

“ಬನ್ನಿ ಉಪದೇಶಿಯೋರೆ. ಒಬ್ಳೇ ಹೋಗಾಕೆ ನಂಗೆ ಮುಖ ಇಲ್ಲ.”

“ನಿನಗೂ ಮುಖ ಇಲ್ಲದ ದಿನ ಬಂತಾ?”

“ಬಂತು. ನೋಡ್ಕೊಂಡು ಸಂತೋಷ ಪಡಿ.”

ಅಗ್ನೇಸಮ್ಮ ಹೊಸ್ತಿಲ ಮೇಲೆ ಕೂತಿದ್ದಳು, ನಮಗಾಗಿಯೇ ಕಾದವಳಂತೆ. ಬನ್ನಿ ಎನ್ನಲಿಲ್ಲ. ನಾವೇ ಜಗಲಿಯ ಮೇಲೆ ಕೂತೆವು.

“ಈ ಸಲ ನಾನು ಬೇಕಂತ್ಲೇ ತಪ್ಪು ಹೇಳಿದ್ದೆ,” ಎಂದಳು. “ಬಿಸಿಲಿಲ್ಲದ ವರ್ಷ, ರಸ ಹುಳಿ ಇರ್ತದೆ ಅಂತ ನಂಗೂ ಗೊತ್ತು. ಊಟ ಕೆಡ್ಲಿ, ಊರೆಲ್ಲ ಉಗೀಲಿ, ಆಗ ಅವ್ರಿಗೆ ಮಾಡಿದ್ ಮೋಸಕ್ಕೆ ಒಂದಿಷ್ಟು ಶಿಕ್ಷೆ ಆದಂಗಾಗ್ತದೆ ಅಂತ. ಕೆಡ್ಲಿಲ್ಲ. ಯಾರು ಬೆರೆಸಿದ್ದು?”

“ನಾನು,” ಎಂದಳು ಮದಲೇನಮ್ಮ.

“ಸಿಹಿ ಎಲ್ಲಿತ್ತು?”

“ಇನ್ನಾಸಣ್ಣ ಮಾಡಿಟ್ಟಿದ್ದ. ಒಂದಲ್ಲ ಅಕ್ಕ, ಸಾಲಾಗಿ. ವರ್ಷಕ್ಕೊಂದು. ಒಂದನ್ನೂ ಒಡೆದಿರ್‍ಲಿಲ್ಲ. ಉಳಿದ ಊಟಕ್ಕೆಲ್ಲ ಬ್ಯಾರೆ ಬ್ಯಾರೆ ಜಾಡಿ. ನೀನು ಏನು ಹೇಳಿದ್ರೂ ಅದಕ್ಕೆ ಹೊಂದಿಸ್ತಿದ್ದ.”

ಅಗ್ನೇಸಮ್ಮ ಅಂಗಳದ ಕಡೆ ತಿರುಗಿದಳು. ಕೋಳಿಯೊಂದು ಮಣ್ಣು ಕೆದಕುತ್ತಿತ್ತು.

“ಗೊತ್ತಿತ್ತು ಅವ್ರಿಗೆ,” ಎಂದಳು.

“ಗೊತ್ತಿತ್ತು,” ಎಂದೆ. “ನೀನು ಮೋಸ ಮಾಡಲಿಲ್ಲಮ್ಮ. ಮೋಸ ಹೋದವರು ಯಾರೂ ಇಲ್ಲ.”

“ಸಮಾಧಾನ ಆಗ್ಬೇಕಲ್ವಾ, ಉಪದೇಶಿಯೋರೆ?”

“ಹೂಂ.”

“ಆಗ್ತಾ ಇಲ್ಲ.” ಅವಳ ದನಿ ಏರಲಿಲ್ಲ, ಒಡೆಯಲೂ ಇಲ್ಲ. “ಗೊತ್ತಿದ್ ಮ್ಯಾಲೆ ಮಾತಾಡ್ಬೋದಿತ್ತು. ಅವ್ರು ಕುಳಿಯೊಳ್ಗೆ ಒಬ್ರೇ ಕೂತು ಮಗೀನ ನೆನಸ್ಕೊಳ್ಳೋರು. ನಾನು ಒಲೆ ಮುಂದೆ ಒಬ್ಳೇ ಕೂತು ನೆನಸ್ಕೊಳ್ಳೋಳು. ಹೆಸ್ರು ಎತ್ತಿದ್ರೆ ಅವ್ರಿಗೆ ನೋವಾಗ್ತದೆ ಅಂತ ನಾನು. ನಂಗೆ ನೋವಾಗ್ತದೆ ಅಂತ ಅವ್ರು. ಒಂದೇ ಮನೇಲಿ, ಒಂದೇ ಚಾಪೆ ಮ್ಯಾಲೆ! ಒಂದ್ ಸಲ, ಒಂದೇ ಒಂದ್ ಸಲ ಇಬ್ರೂ ಕೂತು ಸಿಸಿಲಿ ಸಿಸಿಲಿ ಅಂತ ಅತ್ತಿದ್ರೆ ಸಾಕಿತ್ತಲ್ಲ.”

ಮಣ್ಣು ಹಾಕುವ ದಿನ ಬಾರದ ಅಳು ಈಗ ಬಂತು. ಮದಲೇನಮ್ಮ ಜಗಲಿಯಿಂದ ಇಳಿದು ಅವಳ ಪಕ್ಕ ಹೊಸ್ತಿಲ ಮೇಲೆ ಕೂತಳು. ಸಮಾಧಾನದ ಮಾತು ಅವಳಿಗೆ ಬರುತ್ತಿರಲಿಲ್ಲ. ಭುಜಕ್ಕೆ ಭುಜ ಒತ್ತಿ ಸುಮ್ಮನೆ ಕೂತಳು. ನಾನು ಒಳಗೊಳಗೇ ಅಗಲಿದವರ ಪ್ರಾರ್ಥನೆ ಹೇಳಲು ಹೊರಟು, ಯಾರಿಗಾಗಿ ಹೇಳಬೇಕೆಂದು ತಿಳಿಯದೆ ನಡುವೆಯೇ ನಿಲ್ಲಿಸಿದೆ.

ಅಳು ನಿಂತ ಮೇಲೆ ಅಗ್ನೇಸಮ್ಮ ಮುಖ ಒರೆಸಿಕೊಂಡು, “ನಿನ್ನೆ ಹೆಂಗಿತ್ತು?” ಎಂದು ಕೇಳಿದಳು. “ಕಡುಬೂ ಆ ರಸಾನೂ. ನೀನು ಸುಳ್ಳು ಹೇಳೋಳಲ್ಲ. ಹೇಳು.”

ಮದಲೇನಮ್ಮ ಕಣ್ಣು ಮುಚ್ಚಿಕೊಂಡಳು. ಅಷ್ಟು ನಿಧಾನವಾಗಿ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

“ಮೊದ್ಲು ಬೆಲ್ಲ ಕಣಕ್ಕ. ಬಿಸಿ ಬೆಲ್ಲ, ಕಾಯಿತುರಿ ಜೊತೆ ಹಲ್ಲಿಗೆ ಅಂಟ್ತದೆ. ಅದ್ರ ಮ್ಯಾಲೆ ರಸ ಬಂದು ತಣ್ಣಗೆ ಮುಟ್ತದೆ. ಹೊಡಿಯಾಕಿಲ್ಲ, ಮುಟ್ತದೆ ಅಷ್ಟೇ. ಆಮ್ಯಾಕೆ ನಾಲಿಗೆ ಅಂಚಲ್ಲಿ ಒಂದ್ ಹುಳಿ. ನೆಲ್ಲಿಕಾಯಿ ತಿಂದು ನೀರು ಕುಡ್ದಾಗ ಸಿಹಿ ಎಲ್ಲಿಂದಲೋ ಬರ್ತದಲ್ಲ, ಹಂಗೆ. ನುಂಗಿದ್ ಮ್ಯಾಲೂ ಇರ್ತದೆ. ಬಾಳ ಹೊತ್ತು ಇರ್ತದೆ.”

“ಬಾಳ ಹೊತ್ತಾ?”

“ಬಾಳ ಹೊತ್ತು.”

ಅಗ್ನೇಸಮ್ಮ ತಲೆಯಾಡಿಸಿದಳು. ಅವಳ ಬಾಯಿ ಸಣ್ಣಗೆ ಅಲುಗಿತು, ಏನನ್ನೋ ಸವಿಯುವಂತೆ.

ಮದಲೇನಮ್ಮ ಸೆರಗು ಸರಿಸಿ ಜಾಡಿಯನ್ನು ಹೊರತೆಗೆದಳು. ನಾವು ಒಡೆದದ್ದೇ, ಈ ವರ್ಷದ್ದು, ಅರ್ಧ ಉಳಿದಿತ್ತು. ಅಂಚನ್ನು ತೊಳೆದು, ಹೊಸ ಬಟ್ಟೆ ಕಟ್ಟಿ, ಮತ್ತೆ ಮೇಣ ಮೆತ್ತಿದ್ದಳು.

“ಕೇಳ್ದೆ ತಗೊಂಡಿದ್ವಿ, ಅಕ್ಕ. ನಿಂದು ಇದು,” ಎಂದು ಮೆಲ್ಲಗೆ ಅವಳ ಮಡಿಲಿಗಿಟ್ಟಳು.

ಅಗ್ನೇಸಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕುಳಿಯ ತಂಪು ಅದರ ಮೈಯಲ್ಲಿ ಇನ್ನೂ ಇತ್ತೇನೋ, ಸೆರಗಿನ ತುದಿಯನ್ನು ಅದರ ಸುತ್ತ ಎಳೆದು ಹೊದಿಸಿದಳು.